ಎಣ್ಣೆ ಚೆಲ್ಲಿತೇ? ಮೊದಲು ಗಟಾರದ ಬಾಯಿ ಮುಚ್ಚಿ

ಬೆಳಗಾವಿಯ ಉದ್ಯಮಬಾಗ್‌ನಲ್ಲೋ ಮಚ್ಛೆಯಲ್ಲೋ ಒಂದು ಮಷಿನ್ ಶಾಪ್ ಒಳಗೆ ಹೋಗಿ ನೋಡಿ. ಹೈಡ್ರಾಲಿಕ್ ಎಣ್ಣೆಯ ಬ್ಯಾರಲ್, ಲೋಹ ಕೊರೆಯುವಾಗ ತಂಪಾಗಿಸಲು ಸುರಿಯುವ ಕೂಲಂಟ್‌ನ ಡಬ್ಬಿ, ಜನರೇಟರಿಗೆ ಹಾಕುವ ಡೀಸೆಲ್ ಕಾಣುತ್ತವೆ. ನೆಲದ ಒಂದು ಮೂಲೆಯಲ್ಲಿ ಜಾಲರಿ ಹಾಕಿದ ಬಾಯಿಯೂ ಇರುತ್ತದೆ. ತೊಳೆದ ನೀರು ಸಲೀಸಾಗಿ ಹೋಗಲಿ ಅಂತ ನೆಲದ ಇಳಿಜಾರನ್ನು ಆ ಕಡೆಗೇ ಕೊಟ್ಟಿರುತ್ತಾರೆ. ಬ್ಯಾರಲ್ ಉರುಳಿದ ದಿನ ಎಣ್ಣೆಯೂ ಅದೇ ದಾರಿ ಹಿಡಿಯುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ದೊಡ್ಡ ಬ್ಯಾರಲ್‌ನಲ್ಲಿ ಸುಮಾರು 200 ಲೀಟರ್ ಎಣ್ಣೆ ಇರುತ್ತದೆ. 5 ಮೀಟರ್ ಉದ್ದ, 4 ಮೀಟರ್ ಅಗಲದ ನೆಲದಲ್ಲಿ ಅದು ಅಷ್ಟೂ ನಿಂತರೆ ಒಂದು ಸೆಂಟಿಮೀಟರ್ ಆಳ ಆಗುತ್ತದೆ, ಅಷ್ಟೇ. ಮರಳು, ಮರದ ಹೊಟ್ಟು, ನಾಲ್ಕು ಜನ ಇದ್ದರೆ ಅರ್ಧ ದಿನದಲ್ಲಿ ಬಳಿದು ತೆಗೆಯಬಹುದು. ಅದೇ ಎಣ್ಣೆ ಗಟಾರಕ್ಕೆ ಇಳಿದರೆ ನಮ್ಮ ಕೈ ಮೀರಿತು. ಊರಿನ ಗಟಾರದ ನೀರು ಬಳ್ಳಾರಿ ನಾಲಾ ಎಂಬ ಹಳ್ಳ ಸೇರುತ್ತದೆ. ಮಳೆಗಾಲದಲ್ಲಿ ಆ ನಾಲಾ ಉಕ್ಕಿ ಶಹಾಪುರ, ವಡಗಾವಿ ಕಡೆಯ ಭತ್ತದ ಗದ್ದೆಗಳಿಗೆ ನುಗ್ಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ನಮ್ಮ ಶೆಡ್‌ನಲ್ಲಿ ಚೆಲ್ಲಿದ ಎಣ್ಣೆಗೆ ಯಾರದೋ ಭತ್ತದ ಬೆಳೆ ಬಲಿಯಾಗಬಾರದು, ಅಲ್ವಾ?

ಗಟಾರದ ಬಾಯಿಯ ಒಳಗೆ ಟ್ರ್ಯಾಪ್, ಅಂದರೆ ಸದಾ ನೀರು ನಿಲ್ಲುವ ಬಾಗಿದ ಪೈಪ್ ಇದೆ, ಅದು ಎಣ್ಣೆಯನ್ನು ತಡೆಯುತ್ತದೆ ಎಂದು ಕೆಲವರು ನಂಬಿದ್ದಾರೆ. ಟ್ರ್ಯಾಪ್‌ನಲ್ಲಿ ನಿಂತ ನೀರು ವಾಸನೆಯನ್ನು ತಡೆಯುತ್ತದೆ, ಹರಿದು ಬರುವ ಎಣ್ಣೆಯನ್ನು ಅಲ್ಲ. ಮೇಲಿಂದ ಎಣ್ಣೆ ಬಂದಂತೆ ನೀರು ಮುಂದಕ್ಕೆ ಜರುಗುತ್ತದೆ, ಹಿಂದೆಯೇ ಎಣ್ಣೆ ಹೋಗುತ್ತದೆ. ಕೂಲಂಟ್‌ನದು ಇನ್ನೂ ಕಷ್ಟ. ಅದು ನೀರಿನಲ್ಲಿ ಹಾಲಿನಂತೆ ಬೆರೆತಿರುವುದರಿಂದ ತೇಲುವ ಎಣ್ಣೆ ಹಿಡಿಯುವ ತೊಟ್ಟಿಗೂ ಸಿಗುವುದಿಲ್ಲ.

ಚೆಲ್ಲುವ ಮೊದಲೇ ಮಾಡಬೇಕಾದ ಕೆಲಸ

ನಿಮ್ಮ ಜಾಗದಲ್ಲಿ ಗಟಾರದ ಬಾಯಿಗಳು ಎಷ್ಟಿವೆ ಎಂದು ಸುತ್ತಾಡಿ ಎಣಿಸಿ. ಒಳಗಿನವು ಮಾತ್ರ ಸಾಲದು. ಲಾರಿ ನಿಲ್ಲುವ ಅಂಗಳ, ಜನರೇಟರ್ ಪಕ್ಕ, ಗೇಟಿನ ಬಳಿ ಎಲ್ಲ ಕಡೆ ನೋಡಿ. ಯಾವುದು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ಸುಲಭ ದಾರಿ ಇದೆ. ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಕಲಸಿ ಸುರಿಯಿರಿ. ಒಬ್ಬರು ಹೊರಗೆ ನಿಂತು ನೀಲಿ ನೀರು ಎಲ್ಲಿ ಬರುತ್ತದೆ ಎಂದು ನೋಡಲಿ. ಮಳೆನೀರಿನ ಗಟಾರ ಸಾಮಾನ್ಯವಾಗಿ ಶುದ್ಧೀಕರಣವೇ ಇಲ್ಲದೆ ನಾಲಾಕ್ಕೆ ಹೋಗುತ್ತದೆ. ಅಂಥ ಬಾಯಿಯ ಪಕ್ಕ ಬಣ್ಣದಿಂದ ದೊಡ್ಡದಾಗಿ ಗುರುತು ಹಾಕಿ. ಗಡಿಬಿಡಿಯಲ್ಲಿ ಮೊದಲು ಮುಚ್ಚಬೇಕಾದದ್ದು ಅದನ್ನೇ.

ಈಗ ಮುಚ್ಚಳದ ವಿಷಯ. ಪಾಲಿಯುರೆಥೇನ್‌ನಿಂದ ಮಾಡಿದ ಮೆತ್ತನೆಯ, ಸ್ವಲ್ಪ ಅಂಟುವ ಚಾಪೆಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಜಾಲರಿಯ ಮೇಲೆ ಹಾಸಿ ಒತ್ತಿದರೆ ನೆಲದ ಸಣ್ಣ ಉಬ್ಬುತಗ್ಗಿಗೆ ಹೊಂದಿಕೊಂಡು ಕೂರುತ್ತವೆ. ಕೆಲಸ ಮುಗಿದ ಮೇಲೆ ಸೋಪು ನೀರಿನಿಂದ ತೊಳೆದು ಮತ್ತೆ ಬಳಸಬಹುದು. ಜಾಲರಿಗಿಂತ ನಾಲ್ಕೂ ಕಡೆ 10 ಸೆಂಟಿಮೀಟರ್ ದೊಡ್ಡದಿರಲಿ. ಅಂಚಿಗೆ ಸರಿಯಾಗಿ ಕೂರುವಷ್ಟು ಸಣ್ಣದು ತಂದರೆ ದುಡ್ಡು ದಂಡ.

ಪೈಪ್ ಒಳಗೆ ಸೇರಿಸುವ ಪ್ಲಗ್‌ಗಳೂ ಇವೆ. ಒಂದು ಬಗೆಯಲ್ಲಿ ನಟ್ ತಿರುಗಿಸಿದರೆ ರಬ್ಬರ್ ಹಿಗ್ಗಿ ಪೈಪಿಗೆ ಬಿಗಿಯುತ್ತದೆ. ಇನ್ನೊಂದು ಗಾಳಿ ತುಂಬುವಂಥದ್ದು. ಇದಕ್ಕೆ ಪೈಪಿನ ಒಳ ಅಳತೆ ಮೊದಲೇ ಗೊತ್ತಿರಬೇಕು, ಪ್ಲಗ್ ಮೇಲೆ ಬರೆದಿರುವ ಒತ್ತಡಕ್ಕಿಂತ ಜಾಸ್ತಿ ಗಾಳಿ ತುಂಬಬಾರದು. ಎಣ್ಣೆ ಕೆಲಸದ ಜಾಗಕ್ಕೆ ನೈಟ್ರೈಲ್ ರಬ್ಬರ್‌ನದ್ದೇ ಕೇಳಿ. ಸಾದಾ ರಬ್ಬರ್ ಎಣ್ಣೆ ತಾಗಿದರೆ ಊದಿಕೊಂಡು ಮೆತ್ತಗಾಗುತ್ತದೆ.

ಸಣ್ಣ ಗ್ಯಾರೇಜಿನವರಿಗೆ ಇವೆಲ್ಲ ದುಬಾರಿ ಅನಿಸಬಹುದು. ಅವರಿಗೆ ನನ್ನ ಸಲಹೆ ಎರೆಮಣ್ಣು. ಬಾಗಲಕೋಟೆ, ವಿಜಯಪುರದಲ್ಲಂತೂ ಕಾಲಡಿಯೇ ಇದೆ. ನೀರು ಕುಡಿದರೆ ಹಿಗ್ಗುವುದು ಆ ಮಣ್ಣಿನ ಗುಣ. ಬೇಸಿಗೆಯಲ್ಲಿ ಹೊಲ ಬಿರಿಯುವುದು, ಮಳೆ ಬಿದ್ದ ಮೇಲೆ ಬಿರುಕು ಮುಚ್ಚುವುದು ಅದೇ ಕಾರಣಕ್ಕೆ. ಕಲ್ಲು ಆರಿಸಿ, ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ, ಮುಚ್ಚಳವಿರುವ ಬಕೆಟ್‌ನಲ್ಲಿ ಹಸಿ ಗೋಣಿಚೀಲ ಮುಚ್ಚಿ ಇಡಿ. ವಾರಕ್ಕೊಮ್ಮೆ ನೀರು ಚಿಮುಕಿಸಿ. ಜೊತೆಗೆ ಕೃಷಿ ಹೊಂಡಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆಯ ತುಂಡು, ನಾಲ್ಕಾರು ಮರಳಿನ ಚೀಲ ಇರಲಿ. ಕಿರಾಣಿ ಅಂಗಡಿಯ ತೆಳು ಚೀಲ ಹರಿದುಹೋಗುತ್ತದೆ, ಬೇಡ.

ಇದನ್ನೆಲ್ಲ ಸ್ಟೋರ್ ರೂಮಿನಲ್ಲಿ ಹಾಕಿ ಬೀಗ ಜಡಿಯಬೇಡಿ. ಗಟಾರದ ಬಾಯಿಯಿಂದ ಹತ್ತು ಹೆಜ್ಜೆಯೊಳಗೆ ಕೈಗೆ ಸಿಗಬೇಕು.

ಚೆಲ್ಲಿದಾಗ

ಚೆಲ್ಲಿದ್ದು ಏನು ಎಂದು ಮೊದಲು ತಿಳಿದುಕೊಳ್ಳಿ. ಡಬ್ಬದ ಲೇಬಲ್ ಓದಿ. ಪೆಟ್ರೋಲ್, ಥಿನ್ನರ್ ಇದ್ದರೆ ಬೆಂಕಿ ಕಿಡಿ ಏಳುವ ಎಲ್ಲ ಕೆಲಸ ನಿಲ್ಲಿಸಿ, ಸ್ವಿಚ್ ಮುಟ್ಟಬೇಡಿ, ಜನರನ್ನು ಹೊರಗೆ ಕಳಿಸಿ, 101 ಅಥವಾ 112ಕ್ಕೆ ಫೋನ್ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗಟಾರಕ್ಕೆ ಇಳಿದು ದೂರದವರೆಗೆ ಹರಡುತ್ತದೆ. ಮೆಕ್ಸಿಕೋದ ಗ್ವಾದಲಹಾರಾ ನಗರದಲ್ಲಿ ಒಳಚರಂಡಿಗೆ ಸೋರಿದ ಪೆಟ್ರೋಲ್ 1992ರ ಏಪ್ರಿಲ್ 22ರಂದು ಸ್ಫೋಟಿಸಿ 200ಕ್ಕೂ ಹೆಚ್ಚು ಜನ ಸತ್ತರು. ರಸ್ತೆಗಳೇ ಸೀಳಿಹೋದವು.

ಎಣ್ಣೆ, ಕೂಲಂಟ್‌ನಂಥದ್ದಾದರೆ ಕೈಗವಸು, ಬೂಟು, ಕನ್ನಡಕ ಹಾಕಿಕೊಂಡು ಮುಂದುವರಿಯಿರಿ. ಇಬ್ಬರಿದ್ದರೆ ಒಬ್ಬರು ಬ್ಯಾರಲ್ ಎತ್ತಿ ನಿಲ್ಲಿಸಲಿ ಇಲ್ಲವೇ ವಾಲ್ವ್ ಬಂದ್ ಮಾಡಲಿ. ಇನ್ನೊಬ್ಬರು ಓಡಬೇಕಾದದ್ದು ಗಟಾರದ ಕಡೆಗೆ. ನಮ್ಮಲ್ಲಿ ಎಲ್ಲರೂ ಮೊದಲು ಹುಡುಕುವುದು ಪೊರಕೆ ಮತ್ತು ನೀರಿನ ಪೈಪನ್ನು. ದಯವಿಟ್ಟು ನೀರು ಹಾಕಬೇಡಿ. ನೀರು ಹಾಕಿದರೆ ಎಣ್ಣೆಯನ್ನು ನಾವೇ ಗಟಾರಕ್ಕೆ ಕಳಿಸಿದ ಹಾಗೆ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡ್‌ನ ಬಾಸೆಲ್ ಬಳಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಲು ಹಾಕಿದ ನೀರೇ ಕೀಟನಾಶಕಗಳನ್ನು ರೈನ್ ನದಿಗೆ ಹೊತ್ತೊಯ್ದಿತು, ನದಿಯ ಮೀನುಗಳು ರಾಶಿರಾಶಿ ಸತ್ತವು.

ಜಾಲರಿಯ ಸುತ್ತಲಿನ ಕಸ, ಲೋಹದ ಚೂರುಗಳನ್ನು ಕೈಗವಸಿನಿಂದ ಒಮ್ಮೆ ಸವರಿ ತೆಗೆಯಿರಿ. ಒಂದು ಚೂರು ಅಡಿಯಲ್ಲಿ ಉಳಿದರೂ ಅಲ್ಲಿಂದ ಸೋರುತ್ತದೆ. ಚಾಪೆಯನ್ನು ಎಣ್ಣೆ ಬರುತ್ತಿರುವ ಕಡೆಯಿಂದ ಹಾಸುತ್ತಾ ಬನ್ನಿ, ನಡುವಿನಿಂದ ಅಂಚಿಗೆ ಒತ್ತಿ. ಮಣ್ಣು ಬಳಸುವವರು ಜಾಲರಿ ಮೇಲೆ ಪ್ಲಾಸ್ಟಿಕ್ ಹಾಸಿ, ಅಂಚಿನ ಸುತ್ತ ಎರೆಮಣ್ಣನ್ನು ದಪ್ಪನೆಯ ಹಗ್ಗದ ಹಾಗೆ ಹೊಸೆದು ಒತ್ತಿ, ಮೇಲೆ ಮರಳಿನ ಚೀಲ ಹೇರಿ. ಮರಳಿನ ಚೀಲವೊಂದೇ ಇಟ್ಟರೆ ಸಂದಿಯಲ್ಲಿ ಎಣ್ಣೆ ನುಸುಳುತ್ತದೆ.

ಆಮ್ಲಕ್ಕೆ ಮಾತ್ರ ಬೇರೆ ಎಚ್ಚರ. ನಮ್ಮ ಕಡೆ ಶಹಾಬಾದ್ ಕಲ್ಲಿನ ನೆಲ ಬಹಳ. ಅದು ಸುಣ್ಣದ ಕಲ್ಲು. ಆಮ್ಲ ಬಿದ್ದರೆ ಬುರುಗೆದ್ದು ಕಲ್ಲು ಕರಗುತ್ತದೆ, ಮೇಲೆ ಹಾಸಿದ ಚಾಪೆ ಹಿಡಿದು ನಿಲ್ಲುವುದಿಲ್ಲ. ಅಲ್ಲಿ ಆಮ್ಲ ತಡೆಯುವ ಪ್ಲಗ್ ವಾಸಿ. ನೈಟ್ರಿಕ್ ಆಮ್ಲದ ಮೇಲೆ ಮರದ ಹೊಟ್ಟು ಹಾಕಿದರೆ ಬೆಂಕಿ ಹತ್ತಬಹುದು, ಒಣ ಮರಳೇ ಹಾಕಿ. ಆಮ್ಲ ಚೆಲ್ಲಿದ ಜಾಗಕ್ಕೆ ಬ್ಲೀಚಿಂಗ್ ಪುಡಿ ಯಾವ ಕಾರಣಕ್ಕೂ ಬೇಡ, ಕ್ಲೋರಿನ್ ಅನಿಲ ಏಳುತ್ತದೆ.

ಆಮೇಲೆ

ಎಣ್ಣೆ ಪೂರ್ತಿ ಬಳಿದು, ನೆಲ ಒರೆಸಿ ಆದ ಮೇಲೆಯೇ ಮುಚ್ಚಳ ತೆಗೆಯಿರಿ. ಎಣ್ಣೆ ಹೀರಿದ ಹೊಟ್ಟು, ಮಣ್ಣು, ಬಟ್ಟೆಯನ್ನು ಊರಿನ ಕಸದ ಗಾಡಿಗೆ ಹಾಕುವ ಹಾಗಿಲ್ಲ. ಮುಚ್ಚಳವಿರುವ ಡ್ರಮ್ಮಿಗೆ ತುಂಬಿ, ಒಳಗೆ ಏನಿದೆ ಎಂದು ಬರೆದು, ಅಪಾಯಕಾರಿ ತ್ಯಾಜ್ಯ ಒಯ್ಯಲು ಅನುಮತಿ ಇರುವವರಿಗೆ ಕೊಡಬೇಕು. ಎಣ್ಣೆ ಈಗಾಗಲೇ ಗಟಾರಕ್ಕೆ ಇಳಿದಿದ್ದರೆ ವಿಷಯ ಮುಚ್ಚಿಡಬೇಡಿ. ಇಂಥ ಅವಘಡವನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೂಡಲೇ ತಿಳಿಸಬೇಕು ಎಂದು 1974ರ ಜಲ ಕಾಯ್ದೆಯ 31ನೇ ಕಲಂ ಹೇಳುತ್ತದೆ. ಬೇಗ ತಿಳಿಸಿದರೆ ನಾಲಾದಲ್ಲಾದರೂ ಅಡ್ಡಗಟ್ಟಲು ಆಗುತ್ತದೆ.

ಮುಚ್ಚಿದ ಗಟಾರವನ್ನು ಮರೆತುಬಿಡುವುದೂ ಅಪಾಯವೇ. ಬೆಳಗಾವಿಯ ಜುಲೈ ಮಳೆಗೆ ಗಂಟೆಯೊಳಗೆ ಶೆಡ್ ತುಂಬಾ ನೀರು ನಿಲ್ಲುತ್ತದೆ. ಆ ನೀರು ಉಳಿದ ಎಣ್ಣೆಯನ್ನು ತೇಲಿಸಿಕೊಂಡು ಬಾಗಿಲು ದಾಟುತ್ತದೆ. ಅದಕ್ಕೇ ಮುಚ್ಚಿದ ಕೂಡಲೇ ಪಕ್ಕದಲ್ಲಿ ಒಂದು ಕೆಂಪು ಫಲಕ ಇಟ್ಟು, ಯಾರು, ಎಷ್ಟು ಹೊತ್ತಿಗೆ ಮುಚ್ಚಿದರು ಎಂದು ಸೀಮೆಸುಣ್ಣದಲ್ಲಿ ಬರೆಯಿರಿ. ಶಿಫ್ಟ್ ಬದಲಾಗುವಾಗ ಮುಂದಿನವರಿಗೆ ಬಾಯಿಬಿಟ್ಟು ಹೇಳಿ. ತೊಳೆದ ಚಾಪೆಯನ್ನು ನೆರಳಲ್ಲಿ ಒಣಗಿಸಿ, ಬಿರುಕು ಬಿಟ್ಟಿದೆಯೇ ನೋಡಿ, ಬಳಸಿದ ಮಣ್ಣು ಮತ್ತು ಮರಳಿನ ಬದಲು ಹೊಸದನ್ನು ಅವತ್ತೇ ತುಂಬಿಸಿಡಿ.