ಬುಧವಾರ ರಾತ್ರಿ 11:59

ಮೊದಲೇ ಲೆಕ್ಕ ಕೊಟ್ಟುಬಿಡುತ್ತೇನೆ. ನಾನು ಸೇರಿಕೊಂಡ ಆನ್‌ಲೈನ್ ಕೋರ್ಸ್‌ಗಳು ಹನ್ನೆರಡು. ಮುಗಿಸಿದ್ದು ಮೂರು. ಉಳಿದ ಒಂಬತ್ತರಲ್ಲಿ ಒಂದು ಈಗ ನಡೆಯುತ್ತಿದೆ, ಬಾಕಿ ಎಂಟು ಎಲ್ಲೆಲ್ಲಿ ನಿಂತವೋ ಅಲ್ಲೇ ನಿಂತಿವೆ.

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿ, ಅಂದರೆ ಕಬ್ಬಿಣ ಕರಗಿಸಿ ಉಸುಕಿನ ಅಚ್ಚಿಗೆ ಎರಕ ಹೊಯ್ಯುವ ಕಾರ್ಖಾನೆ. ಅಲ್ಲಿ ಉಸುಕಿನ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಅಚ್ಚು ಮಾಡುವ ಉಸುಕಿನಲ್ಲಿ ತೇವ ಎಷ್ಟು, ಗಟ್ಟಿತನ ಎಷ್ಟು, ಅದರೊಳಗಿಂದ ಗಾಳಿ ಎಷ್ಟು ಹಾಯುತ್ತದೆ ಅಂತ ಅಳೆಯಬೇಕು, ರಿಜಿಸ್ಟರ್‌ನಲ್ಲಿ ಬರೆಯಬೇಕು, ಸಹಿ ಹಾಕಬೇಕು. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಮನೆ ವಡಗಾವಿಯಲ್ಲಿ. ಎರಡೂ ಮಗ್ಗುಲಿಗೆ ಪವರ್‌ಲೂಮ್. ಮಗ್ಗ ಶುರುವಾದರೆ ನಮ್ಮ ಮನೆಯ ಗೋಡೆಗೂ ಅದೇ ತಾಳ. ಹೆಡ್‌ಫೋನ್ ಹಾಕಿಕೊಂಡರೂ ಪಾಠ ಹೇಳುವ ಮೇಷ್ಟ್ರು ಮಗ್ಗದ ಮೇಲೆ ಕೂತು ಮಾತಾಡಿದ ಹಾಗೆ ಕೇಳಿಸುತ್ತದೆ.

2020ರ ಲಾಕ್‌ಡೌನ್‌ನಲ್ಲಿ ಫೌಂಡ್ರಿ ಬಂದ್ ಆಯಿತು. ಆಗ ಎಲ್ಲರೂ ಕೋಡಿಂಗ್ ಕಲಿಯುತ್ತಿದ್ದರು, ನಾನೂ ಶುರು ಮಾಡಿದೆ. ಹಾರ್ವರ್ಡ್‌ನ ಸಿಎಸ್50 ಅನ್ನುವ ಕಂಪ್ಯೂಟರ್ ಕೋರ್ಸ್ ಪುಕ್ಕಟೆ ಸಿಗುತ್ತದೆ ಅಂತ ಗೊತ್ತಾಗಿ ಸೇರಿಕೊಂಡೆ. ಮೊದಲು ಸ್ಕ್ರ್ಯಾಚ್, ಮಕ್ಕಳ ಆಟದ ಹಾಗೆ ಬ್ಲಾಕ್ ಜೋಡಿಸೋದು. ಆಮೇಲೆ ಸಿ ಭಾಷೆ. ಮಾರಿಯೋ ಆಟದಲ್ಲಿ ಮೆಟ್ಟಿಲು ಬರುತ್ತದಲ್ಲ, ಅದನ್ನು ಹ್ಯಾಶ್ ಗುರುತುಗಳಿಂದ ಕಟ್ಟಬೇಕಿತ್ತು. ನಾಲ್ಕು ದಿನ ಹಿಡಿಯಿತು. ಮೆಟ್ಟಿಲು ಸರಿಯಾಗಿ ನಿಂತಾಗ ಆದ ಖುಷಿ ದೊಡ್ಡದು. ಪಾಯಿಂಟರ್ ಅಂತ ಒಂದು ಬಂತು ನೋಡಿ, ಅಷ್ಟರಲ್ಲಿ ಫೌಂಡ್ರಿಯೂ ತೆರೆಯಿತು. ಅಲ್ಲಿಗೆ ಮುಗಿಯಿತು ಆ ಕಥೆ.

ಆಮೇಲೆ ಮಷಿನ್ ಲರ್ನಿಂಗ್, ಡಿಜಿಟಲ್ ಮಾರ್ಕೆಟಿಂಗ್, ಇನ್ನೂ ಏನೇನೋ. ಕೋರ್ಸ್‌ಗಳಲ್ಲಿ ಕೊರತೆ ಇರಲಿಲ್ಲ. ಅವುಗಳಿಂದ ನಾನು ಬಿಡಿಸಿಕೊಳ್ಳಬೇಕಾದ ಗಂಟು ಯಾವುದೂ ಇರಲಿಲ್ಲ ಅಷ್ಟೇ. ಯಾರೋ ಹೇಳಿದ್ದಕ್ಕೆ ಸೇರಿದ್ದೆ, ನನಗೇ ಗೊತ್ತಾಗದಂತೆ ಬಿಟ್ಟೆ.

ಬಿಟ್ಟಿದ್ದಕ್ಕೆ ಬಹಳ ದಿನ ನಾಚಿಕೆ ಇತ್ತು. ಒಂದು ಅಂಕಿ ಓದಿದ ಮೇಲೆ ಸ್ವಲ್ಪ ಕಡಿಮೆ ಆಯಿತು. 2012ರಲ್ಲಿ ಅಮೆರಿಕದ ಎಂಐಟಿ ಯಾರು ಬೇಕಾದರೂ ಸೇರಬಹುದಾದ ತನ್ನ ಮೊದಲ ಇಂಥ ಆನ್‌ಲೈನ್ ಕೋರ್ಸ್ ತೆರೆಯಿತು, ಸರ್ಕ್ಯೂಟ್ ಮತ್ತು ಎಲೆಕ್ಟ್ರಾನಿಕ್ಸ್ ಬಗ್ಗೆ. ಅದನ್ನು ಮುನ್ನಡೆಸಿದವರು ಅನಂತ್ ಅಗರ್‌ವಾಲ್. ನಮ್ಮ ಮಂಗಳೂರಿನಲ್ಲಿ ಬೆಳೆದವರು, ಮುಂದೆ ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ವೇದಿಕೆಯ ಮುಖ್ಯಸ್ಥರಾದವರು. ಆ ಕೋರ್ಸ್‌ಗೆ ಹೆಸರು ಕೊಟ್ಟವರು ಸುಮಾರು 1,55,000 ಜನ. ಸರ್ಟಿಫಿಕೇಟ್ ಪಡೆದವರು 7,157. ಅಂದರೆ ನೂರಕ್ಕೆ ಐದು ಜನವೂ ಇಲ್ಲ. ಬಾಕಿಯವರೆಲ್ಲ ನನ್ನ ಜಾತಿಯವರೇ.

ನಿಜವಾಗಿ ಕಲಿಯಲು ಕೂತದ್ದು 2022ರಲ್ಲಿ, ಒಂದು ಪುಲ್ಲಿಯ ದೆಸೆಯಿಂದ.

ಪುಲ್ಲಿ ಅಂದರೆ ಬೆಲ್ಟ್ ಓಡುವ ಗಾಲಿ. ಅದಕ್ಕೆ ನಡುವೆ ದಪ್ಪನೆಯ ಹಬ್ ಇರುತ್ತದೆ, ಸುತ್ತ ತೆಳುವಾದ ಭಾಗ. ನಮ್ಮಲ್ಲಿ ಎರಕ ಹೊಯ್ದು ಕಳಿಸಿದ ಪುಲ್ಲಿಗಳು ಹೊರಗಿಂದ ಚೊಕ್ಕ. ಮಷಿನ್ ಶಾಪ್‌ನಲ್ಲಿ ನಡುವೆ ತೂತು ಕೊರೆದರೆ ಹಬ್‌ನ ಒಳಗೆ ಟೊಳ್ಳು. ವಾಪಸ್ ಬಂದ ಮಾಲು ಲ್ಯಾಬ್‌ನ ಕಿಟಕಿಯ ಹೊರಗೇ ಗುಡ್ಡೆ ಬೀಳುತ್ತಿತ್ತು. ಚಹಾ ಕುಡಿಯುವಾಗ ಅದೇ ಕಣ್ಣಿಗೆ ಬೀಳಬೇಕು. ಉಸುಕಿನ ತಪ್ಪು ಅಂತ ಮೋಲ್ಡಿಂಗ್‌ನವರು, ಕಬ್ಬಿಣದ ತಪ್ಪು ಅಂತ ನಾನು. ಸಿಟ್ಟಿಗೆ ಒಂದು ರಾತ್ರಿ ಹುಡುಕಿದಾಗ ಎನ್‌ಪಿಟೆಲ್‌ನಲ್ಲಿ ಲೋಹ ಎರಕದ ಕೋರ್ಸ್ ಸಿಕ್ಕಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಎನ್‌ಪಿಟೆಲ್ ಅಂದರೆ ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ವ್ಯವಸ್ಥೆ. 2003ರಲ್ಲಿ ಪಾಠಗಳಿಂದ ಶುರುವಾಯಿತು, 2014ರಿಂದ ಸರ್ಟಿಫಿಕೇಟ್ ಕೋರ್ಸ್‌ಗಳು. ಈಗ ಕೇಂದ್ರ ಸರ್ಕಾರದ ‘ಸ್ವಯಂ’ ಪೋರ್ಟಲ್ ಮೂಲಕವೇ ಸೇರಬೇಕು. ಪಾಠ, ಅಸೈನ್‌ಮೆಂಟ್ ಎಲ್ಲ ಪುಕ್ಕಟೆ. ಪರೀಕ್ಷೆ ಬರೆಯುವವರು ಮಾತ್ರ ಫೀ ಕಟ್ಟಬೇಕು. ನಾನು ಕಟ್ಟಿದಾಗ 1000 ರೂಪಾಯಿ. ಅಂಕದ ಲೆಕ್ಕದಲ್ಲಿ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75. 12 ವಾರದ ಕೋರ್ಸ್ ಆದರೆ ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟ್ ಮಾತ್ರ ಹಿಡಿಯುತ್ತಾರೆ. ಶಿಫ್ಟ್ ಕೆಲಸದವರನ್ನು ಕಾಯುವುದು ಇದೇ ನಿಯಮ. ನೈಟ್ ಶಿಫ್ಟ್ ಬಿದ್ದ ವಾರ ನನ್ನಿಂದ ಏನೂ ಆಗುತ್ತಿರಲಿಲ್ಲ. ಎರಡು ವಾರ ಸೊನ್ನೆ. ಆದರೂ ಬಂಡಿ ಓಡಿತು.

ಅಸೈನ್‌ಮೆಂಟ್ ಕೊಡಲು ಕೊನೆಯ ಗಡುವು ಬುಧವಾರ ರಾತ್ರಿ 11:59. ಮೊದಲ ವಾರ 11:40ಕ್ಕೆ ಕೂತೆ. ಹತ್ತು ಪ್ರಶ್ನೆ, ಎಲ್ಲ ಇಂಗ್ಲಿಷ್. ಐದಕ್ಕೆ ಉತ್ತರ ಗೊತ್ತು, ಮೂರು ಅಂದಾಜು, ಎರಡಕ್ಕೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹಿಂದಿನಿಂದ ಅವ್ವನ ದನಿ: “ಎಷ್ಟೊತ್ತು ಮೊಬೈಲ್ ನೋಡ್ತೀಯೋ? ಕಣ್ಣು ಹೋದ್ರ ಫೌಂಡ್ರಿಯವರು ಕೊಡ್ತಾರೇನು?”

ಆ ರಾತ್ರಿಯಿಂದ ಕ್ರಮ ತಿರುವುಮುರುವು ಮಾಡಿದೆ. ಮೊದಲು ಅಸೈನ್‌ಮೆಂಟ್ ತೆಗೆದು ಪ್ರಶ್ನೆಗಳನ್ನು ನೋಟ್‌ಬುಕ್‌ನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುವುದು. ಆಮೇಲೆ ಪಾಠ. ಸುಮ್ನೆ ವಿಡಿಯೋ ನೋಡಿದರೆ ಎಲ್ಲ ತಿಳಿದ ಹಾಗೆಯೇ ಇರುತ್ತದೆ. ಪ್ರಶ್ನೆ ತಲೆಯಲ್ಲಿ ಇದ್ದರೆ ಕಿವಿ ತಾನೇ ನಿಮಿರುತ್ತದೆ. ಇಂಗ್ಲಿಷ್ ವೇಗ ತಡೆಯಲಾಗದೆ ಮೊದಲ ಮೂರು ವಾರ 0.75 ವೇಗದಲ್ಲಿ ಕೇಳಿದೆ. ಪ್ರೊಫೆಸರ್ ನಿದ್ದೆಗಣ್ಣಲ್ಲಿ ಮಾತಾಡಿದಂತೆ ಕೇಳುತ್ತದೆ, ಆದರೆ ಮಾತು ಬಿಡಿಬಿಡಿ. ಕೆಲವು ಕೋರ್ಸ್‌ಗಳಿಗೆ ಪಾಠದ ಕನ್ನಡ ಅನುವಾದವೂ ಸಿಗುತ್ತದೆ. ಒಂದೆರಡು ನೋಡಿದೆ. ಎರಕ ಸೊರಗುವಾಗ ಲೋಹ ಒದಗಿಸಲು ಅಚ್ಚಿನಲ್ಲಿ ಬಿಡುವ ಜಾಗಕ್ಕೆ ನಾವು ಫೌಂಡ್ರಿಯಲ್ಲಿ ರೈಸರ್ ಅನ್ನುತ್ತೇವೆ. ಅದನ್ನು ಅಲ್ಲಿ ಬೇರೇನೋ ಮಾಡಿದ್ದರೆ ಮತ್ತೆ ಇಂಗ್ಲಿಷ್‌ಗೇ ಹೋಗಬೇಕು, ಅಲ್ವಾ? ಹಾಗಾಗಿ ಇಂಗ್ಲಿಷ್ ಪಠ್ಯ ಡೌನ್‌ಲೋಡ್ ಮಾಡಿ, ಪಕ್ಕದಲ್ಲಿ ನನ್ನದೇ ಭಾಷೆಯಲ್ಲಿ ಬರೆದುಕೊಂಡೆ. ಸಾಲಿಡಿಫಿಕೇಶನ್ ಅಂದರೆ ಗಟ್ಟಿಯಾಗೋದು. ಶ್ರಿಂಕೇಜ್ ಅಂದರೆ ಸೊರಗೋದು. ಮುಗಿಯಿತು.

ಬೆಳಿಗ್ಗೆ ಐದರಿಂದ ಆರೂಕಾಲು, ಮಗ್ಗ ಶುರುವಾಗುವ ಮೊದಲು. 25 ನಿಮಿಷ ಪಾಠ, ಐದು ನಿಮಿಷ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯೋದು. ಇದನ್ನು ಕಲಿತದ್ದು ಕೋರ್ಸೆರಾದಲ್ಲಿ ಬಾರ್ಬರಾ ಓಕ್ಲಿ ನಡೆಸುವ ಕೋರ್ಸ್‌ನಿಂದ. ಹೇಗೆ ಕಲಿಯಬೇಕು ಅನ್ನೋದೇ ಅಲ್ಲಿನ ವಿಷಯ. ಆಕೆ ಮೊದಲು ಸೈನ್ಯ ಸೇರಿ ರಷ್ಯನ್ ಭಾಷೆ ಕಲಿತವರು, ಗಣಿತ ಕಂಡರೆ ಆಗದವರು. ಆಮೇಲೆ ಎಂಜಿನಿಯರಿಂಗ್ ಪ್ರೊಫೆಸರ್ ಆದರು. ನಾನು ಮುಗಿಸಿದ ಮೂರರಲ್ಲಿ ಅದೂ ಒಂದು, ಎಲ್ಲಕ್ಕಿಂತ ಚಿಕ್ಕದು.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಅಸೈನ್‌ಮೆಂಟ್ ಉತ್ತರಗಳನ್ನು ಯೂಟ್ಯೂಬ್‌ನಲ್ಲಿ ಹಾಕುವವರಿದ್ದಾರೆ. ಐದನೇ ವಾರ ಮೈ ಹುಷಾರಿರಲಿಲ್ಲ, ಅಲ್ಲಿಂದ ನೋಡಿ ಹಾಕಿದೆ. ನೂರಕ್ಕೆ ನೂರು. ಮುಂದಿನ ವಾರದ ಪಾಠ ನಿಂತದ್ದು ಅದರ ಮೇಲೆಯೇ. ಒಂದಕ್ಷರ ಹತ್ತಲಿಲ್ಲ. ಪರೀಕ್ಷೆಗೆ 75 ಯಾಕೆ ಇಟ್ಟಿದ್ದಾರೆ ಅಂತ ಆಗ ತಿಳಿಯಿತು.

ಈಗ ಪುಲ್ಲಿಯ ವಿಷಯಕ್ಕೆ ಬರುತ್ತೇನೆ. ಅದರ ಗುಟ್ಟು ಚ್ವೊರಿನೊವ್ ಅನ್ನುವವರ ನಿಯಮದಲ್ಲಿತ್ತು. ಎರಕ ಗಟ್ಟಿಯಾಗಲು ಎಷ್ಟು ಹೊತ್ತು ಬೇಕು? ಅದರ ಗಾತ್ರವನ್ನು ಹೊರಮೈಯಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಬೇಕಾಗುವ ಹೊತ್ತು ಆ ಅಂಕಿಗೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತದೆ. ನಾನು ನೋಟ್‌ಬುಕ್‌ನಲ್ಲಿ ಮಾಡಿದ ಲೆಕ್ಕ ಹೀಗಿದೆ. 10 ಸೆಂಟಿಮೀಟರ್ ಬದಿಯ ಘನ ತಗೊಳ್ಳಿ. ಗಾತ್ರ 1000, ಹೊರಮೈ 600, ಭಾಗಿಸಿದರೆ 1.67. ಅದೇ ಕಬ್ಬಿಣವನ್ನು 20 ಉದ್ದ, 20 ಅಗಲ, 2.5 ದಪ್ಪದ ಹಲಗೆ ಮಾಡಿ. ಗಾತ್ರ ಅದೇ 1000, ಹೊರಮೈ ಕೂಡ 1000, ಭಾಗಿಸಿದರೆ 1. ತೂಕ ಎರಡಕ್ಕೂ ಒಂದೇ. ಆದರೆ ಘನ ಗಟ್ಟಿಯಾಗಲು ಹಲಗೆಗಿಂತ ಸುಮಾರು 2.8 ಪಟ್ಟು ಹೊತ್ತು ಬೇಕು.

ಅಂದರೆ ನಮ್ಮ ಪುಲ್ಲಿಯ ತೆಳು ಭಾಗ ಮೊದಲೇ ಗಟ್ಟಿಯಾಗಿ ಬಾಗಿಲು ಹಾಕಿಕೊಂಡುಬಿಡುತ್ತದೆ. ಹಬ್ ಇನ್ನೂ ಒಳಗೆ ದ್ರವ. ಅದು ತಣ್ಣಗಾಗುತ್ತ ಸೊರಗುವಾಗ ಮತ್ತಷ್ಟು ಲೋಹ ಬೇಕು, ಬರುವ ದಾರಿ ಇಲ್ಲ. ಟೊಳ್ಳು ಬೀಳದೆ ಇನ್ನೇನು?

ಇದನ್ನು ಹೆಂಡತಿಗೆ ಹೇಳಿದೆ. ಆಕೆ ಎಸರಿಗೆ ಜೋಳದ ಹಿಟ್ಟು ಹಾಕಿ ನಾದುತ್ತಿದ್ದಳು. “ರೊಟ್ಟಿ ಲಗೂನ ಆರತೈತಿ, ಹಿಟ್ಟಿನ ಮುದ್ದಿ ಬಾಳ ಹೊತ್ತು ಬಿಸಿ ಇರತೈತಿ. ಇದನ್ನ ಹೇಳಾಕ ಐಐಟಿ ಬೇಕಾಗಿತ್ತೇನ್ರಿ?” ಅಂದಳು.

ಹಬ್‌ನ ತಲೆಯ ಮೇಲೆ ರೈಸರ್ ಕೂರಿಸಬೇಕು, ಆ ರೈಸರ್ ಹಬ್‌ಗಿಂತ ತಡವಾಗಿ ಗಟ್ಟಿಯಾಗಬೇಕು. ಅಂದರೆ ಆ ಭಾಗಾಕಾರದ ಅಂಕಿ ರೈಸರ್‌ಗೆ ಹಬ್‌ಗಿಂತ 1.2 ಪಟ್ಟು ಇರಲಿ ಅಂತ ಪಾಠದಲ್ಲಿತ್ತು. ನಾನು ಲೆಕ್ಕ ಹಾಕಿ, ಅಚ್ಚಿಗೆ ಮಾದರಿ ಮಾಡುವ ಪ್ಯಾಟರ್ನ್ ಶಾಪ್‌ನವರ ಕಾಲು ಹಿಡಿದು ಮಾಡಿಸಿದೆ. ಟೊಳ್ಳು ಮಾಯ! ಎರಡು ದಿನ ಎದೆ ಉಬ್ಬಿಸಿ ಓಡಾಡಿದೆ. ಮೂರನೇ ದಿನ ಮಾಲೀಕರು ಕರೆದರು. ಮೇಜಿನ ಮೇಲೆ ಕತ್ತರಿಸಿದ ರೈಸರ್ ಇತ್ತು, ಹೆಚ್ಚುಕಡಿಮೆ ಹಬ್‌ನಷ್ಟೇ ದಪ್ಪ.

“ಏನಪಾ, ನಾವು ಪುಲ್ಲಿ ಮಾರತೀವೋ, ರೈಸರ್ ಮಾರತೀವೋ?”

ಕರಗಿಸಿದ ಕಬ್ಬಿಣದ ಬಹುಪಾಲು ರೈಸರ್‌ಗೇ ಹೋಗುತ್ತಿತ್ತು. ಮತ್ತೆ ಕರಗಿಸಬೇಕು, ಕರೆಂಟ್ ಬಿಲ್ಲು ಬೇರೆ. ಲೆಕ್ಕ ಎಲ್ಲಿ ತಪ್ಪಿತು ಅಂತ ಮತ್ತೆ ಕೋರ್ಸ್ ತೆಗೆದೆ. ನಾನು ಹಾರಿಸಿದ್ದ ಒಂದು ಪಾಠ ಅಲ್ಲಿತ್ತು. ಗ್ರೇ ಐರನ್ ಬಗ್ಗೆ. ದಿನಾ ಕೈಯಲ್ಲಿ ಹಿಡಿಯುವ ಕಬ್ಬಿಣ, ಇದರಲ್ಲೇನು ಹೊಸದು ಅಂತ ಬಿಟ್ಟಿದ್ದೆ. ಗ್ರೇ ಐರನ್ ಗಟ್ಟಿಯಾಗುವಾಗ ಒಳಗೆ ಗ್ರಾಫೈಟ್ ಹುಟ್ಟುತ್ತದೆ, ಹುಟ್ಟುವಾಗ ಹಿಗ್ಗುತ್ತದೆ. ಸೊರಗುವುದರಲ್ಲಿ ಒಂದಿಷ್ಟನ್ನು ಅದೇ ತುಂಬಿಕೊಡುತ್ತದೆ. ನಾನು ಹಾಕಿದ್ದು ಉಕ್ಕಿನ ಲೆಕ್ಕ, ಉಕ್ಕಿಗೆ ಆ ಭಾಗ್ಯ ಇಲ್ಲ. ಅಚ್ಚು ಗಟ್ಟಿಯಾಗಿದ್ದರೆ ಗ್ರೇ ಐರನ್‌ಗೆ ಇಷ್ಟು ದೊಡ್ಡ ರೈಸರ್ ಬೇಕಾಗಿಲ್ಲ. ಮೂರು ಸಲ ಸಣ್ಣದು ಮಾಡಿ ನೋಡಿದ ಮೇಲೆ ಒಂದು ಅಳತೆಗೆ ನಿಂತೆವು. ಗೊತ್ತಿದೆ ಅಂತ ಹಾರಿಸಿದ ಪಾಠವೇ ಬೇಕಾಗಿತ್ತು. ಈಗ ಬೇಕಾದರೆ ಗೊತ್ತಿಲ್ಲದ್ದನ್ನು ಹಾರಿಸುತ್ತೇನೆ, ಗೊತ್ತಿದ್ದದ್ದನ್ನು ಮಾತ್ರ ಬಿಡುವುದಿಲ್ಲ.

ಪರೀಕ್ಷೆಯ ಫಾರ್ಮ್ ತುಂಬಲು ತಡಮಾಡಿದ್ದಕ್ಕೆ ಬೆಳಗಾವಿಯಲ್ಲಿ ಜಾಗ ಸಿಗಲಿಲ್ಲ, ಹುಬ್ಬಳ್ಳಿ ಹಾಕಿಕೊಂಡೆ. ನಸುಕಿನ ಬಸ್ಸು. ಕಿತ್ತೂರು ದಾಟುವವರೆಗೂ ನೋಟ್‌ಬುಕ್ ತಿರುವಿದೆ, ಆಮೇಲೆ ನಿದ್ದೆ. ಸೆಂಟರ್‌ನಲ್ಲಿ ಸುತ್ತಲೂ ಕಾಲೇಜು ಹುಡುಗರು. ನನ್ನನ್ನು ನೋಡಿ ಒಬ್ಬ ಎದ್ದು “ಸರ್, ರೂಮ್ ನಂಬರ್ ಎಷ್ಟು?” ಅಂದ. ಮೇಲ್ವಿಚಾರಕ ಅಂದುಕೊಂಡಿದ್ದ. ಮೂರು ತಾಸು, ಎಲ್ಲ ಕಂಪ್ಯೂಟರ್ ಮೇಲೆ. ಬಂದದ್ದು 58. 60 ಆಗಿದ್ದರೆ ಸರ್ಟಿಫಿಕೇಟ್ ಮೇಲೆ ಎಲೀಟ್ ಅಂತ ಬರುತ್ತಿತ್ತು. ಆ ಎರಡು ಅಂಕ ಐದನೇ ವಾರದವು ಅಂತ ನನ್ನ ಗುಮಾನಿ.

ಸರ್ಟಿಫಿಕೇಟ್‌ನಿಂದ ಪಗಾರ ಏರಲಿಲ್ಲ. ಕೇಳಿಯೂ ನೋಡಿದೆ. ಎರಕದ ಮೀಟಿಂಗ್‌ಗೆ ಲ್ಯಾಬ್‌ನವನನ್ನೂ ಕರೆಯಲು ಶುರು ಮಾಡಿದರು, ಅಷ್ಟು.

ಮುಂದಿನ ಕೋರ್ಸ್ ಗುಣಮಟ್ಟ ನಿಯಂತ್ರಣದ್ದು. ಇದಕ್ಕೂ ಒಂದು ಗುಡ್ಡೆ ಇತ್ತು, ಈ ಸಲ ಕಾಗದದ್ದು. ವರ್ಷಗಟ್ಟಲೆ ಉಸುಕಿನ ತೇವ ಬರೆದಿಟ್ಟ ನನ್ನ ರಿಜಿಸ್ಟರ್‌ಗಳು. ಆಡಿಟ್ ದಿನ ಬಿಟ್ಟರೆ ಅವನ್ನು ಯಾರೂ ತೆರೆದವರಲ್ಲ. 1924ರಲ್ಲಿ ವಾಲ್ಟರ್ ಶೂಹಾರ್ಟ್ ಅನ್ನುವವರು ಕಂಟ್ರೋಲ್ ಚಾರ್ಟ್ ಅಂತ ಒಂದು ಮಾಡಿದರು. ನಡುವೆ ಸರಾಸರಿಯ ಗೆರೆ, ಮೇಲೊಂದು ಕೆಳಗೊಂದು ಮಿತಿಯ ಗೆರೆ, ಪ್ರತಿ ಅಳತೆಗೆ ಒಂದೊಂದು ಚುಕ್ಕಿ. ಮೂರು ತಿಂಗಳ ಅಂಕಿ ಚುಕ್ಕಿ ಇಟ್ಟು ನೋಡಿದೆ. ಕೆಳಗಿನ ಗೆರೆ ದಾಟಿದ ಚುಕ್ಕಿಗಳು ಹೆಚ್ಚಾಗಿ ಸಂಜೆಯವು. ಒಡೆದ ಅಚ್ಚಿನ ಉಸುಕು ತಣ್ಣಗಾಗುವ ಮೊದಲೇ ಮತ್ತೆ ಮಿಕ್ಸರ್‌ಗೆ ಹೋಗುತ್ತಿತ್ತು. ಬಿಸಿ ಉಸುಕಿಗೆ ಎಷ್ಟು ನೀರು ಹಾಕಿದರೂ ಅಚ್ಚಿಗೆ ಹೋಗುವಷ್ಟರಲ್ಲಿ ಆರಿರುತ್ತದೆ.

ಚಾರ್ಟ್ ತೋರಿಸಿದಾಗ ಮೋಲ್ಡಿಂಗ್‌ನ ಕಾಕಾ ನಕ್ಕರು. ಅವರು ಒಂದು ಹಿಡಿ ಉಸುಕು ಅಮುಕಿ, ಮುರಿದು ನೋಡಿ ಹೇಳುವವರು. “ಇದನ್ನ ನಾ ಮೂವತ್ತು ವರ್ಷದಿಂದ ಹೇಳಾಕತ್ತೀನಿ. ನಿನ್ನ ಕಾಗದ ಹೇಳಿದ್ರ ಸಾಹೇಬ್ರು ಕೇಳ್ತಾರ, ನನ್ನ ಕೈ ಹೇಳಿದ್ರ ಕೇಳಂಗಿಲ್ಲ.” ಮಾತು ಸುಳ್ಳಲ್ಲ. ಉತ್ತರ ಕೊಡಲಾಗದೆ ಪೆನ್ನನ್ನೇ ಅವರ ಕೈಗೆ ಕೊಟ್ಟೆ. ಈಗ ಸಂಜೆಯ ಚುಕ್ಕಿ ಇಡುವವರು ಅವರೇ. ಮೊದಲು ಅಮುಕಿ ನೋಡುತ್ತಾರೆ, ಚುಕ್ಕಿ ಎಲ್ಲಿ ಬೀಳುತ್ತದೆ ಅಂತ ಬಾಯಲ್ಲಿ ಹೇಳುತ್ತಾರೆ, ಆಮೇಲೆ ಮೀಟರ್ ಓದು ಅಂತ ನನ್ನನ್ನು ಕರೆಯುತ್ತಾರೆ. ಹೋದ ವಾರ ಆರರಲ್ಲಿ ಐದು ಸಲ ಸರಿ ಇತ್ತು.

ಇವತ್ತು ಬುಧವಾರ. ಈಗ ನಡೆಯುತ್ತಿರುವ ಕೋರ್ಸ್‌ನ ಏಳನೇ ಅಸೈನ್‌ಮೆಂಟ್‌ನಲ್ಲಿ ಇನ್ನೂ ನಾಲ್ಕು ಪ್ರಶ್ನೆ ಬಾಕಿ ಇವೆ.