ವರ್ಡಲ್‌ನಲ್ಲಿ ‘ಬ್ಲಿಂಪ್’ ಕೈಹಿಡಿಯುವುದು ಹೀಗೆ

ಐದಕ್ಷರದ ಇಂಗ್ಲಿಷ್ ಪದವೊಂದನ್ನು ಆರು ಊಹೆಗಳೊಳಗೆ ಕಂಡುಹಿಡಿಯುವ ಆಟ ವರ್ಡಲ್. ದಿನಾ ಅದನ್ನು ಆಡುವವರಿಗೆ ಒಂದು ಸಲಹೆ. ಆಟದೊಳಗೆ ಎರಡು ಪಟ್ಟಿಗಳಿವೆ. ಉತ್ತರವಾಗಿ ಬರುವ ಪದಗಳು ಸುಮಾರು 2,300. ಊಹೆಯಾಗಿ ಒಪ್ಪಿಕೊಳ್ಳುವ ಪದಗಳು 10,000ಕ್ಕೂ ಜಾಸ್ತಿ. ನಮ್ಮ ‘ಧೋತಿ’, ‘ಲಾಠಿ’ ಕೂಡ ಈ ಎರಡನೇ ಪಟ್ಟಿಯಲ್ಲಿವೆ! ಅಪರೂಪದ ಪದಗಳನ್ನು ಉತ್ತರ ಅಂತ ನಂಬಿ ಹಾಕಬೇಡಿ, ಅಕ್ಷರ ಹುಡುಕಲು ಬಳಸಿ.

ಉದಾಹರಣೆಗೆ, ಕೊನೆಯ ನಾಲ್ಕು ಅಕ್ಷರ ಎ-ಟಿ-ಸಿ-ಎಚ್ ಹಸಿರಾಗಿವೆ, ಅಂದರೆ ಸರಿಯಾದ ಜಾಗದಲ್ಲಿವೆ ಅಂದುಕೊಳ್ಳಿ. ಬ್ಯಾಚ್, ಲ್ಯಾಚ್, ಮ್ಯಾಚ್, ಪ್ಯಾಚ್, ವಾಚ್, ಕ್ಯಾಚ್, ಹ್ಯಾಚ್ ಎಲ್ಲವೂ ಸಾಧ್ಯ. ಒಂದೊಂದೇ ಹಾಕುತ್ತಾ ಹೋದರೆ ಆರು ಅವಕಾಶ ಸಾಲುವುದಿಲ್ಲ. ಆಗ ‘ಬ್ಲಿಂಪ್’ (ಬಿ-ಎಲ್-ಐ-ಎಂ-ಪಿ) ಹಾಕಿ. ಹೀಲಿಯಂನಂಥ ಹಗುರ ಅನಿಲ ತುಂಬಿದ ಆಕಾಶನೌಕೆಗೆ ಇರುವ ಹೆಸರು ಅದು. ಒಂದೇ ಸಲಕ್ಕೆ ಬಿ, ಎಲ್, ಎಂ, ಪಿ ನಾಲ್ಕೂ ಪರೀಕ್ಷೆ ಆಗುತ್ತವೆ. ಬಣ್ಣ ಬಂದ ಅಕ್ಷರವೇ ಉತ್ತರದ ಮೊದಲ ಅಕ್ಷರ. ಯಾವುದೂ ಬರದಿದ್ದರೆ ಮೂರೇ ಪದ ಉಳಿಯುತ್ತವೆ. ಈ ಉಪಾಯ ನನಗೆ ತುಂಬಾ ಇಷ್ಟ. ಹಾರ್ಡ್ ಮೋಡ್‌ನಲ್ಲಿ ಮಾತ್ರ ನಡೆಯುವುದಿಲ್ಲ, ಅಲ್ಲಿ ಸಿಕ್ಕ ಅಕ್ಷರಗಳನ್ನು ಬಿಡುವ ಹಾಗಿಲ್ಲ.

ಸ್ವರಗಳೇ ಸಿಗದಿದ್ದರೆ ಗಾಬರಿ ಬೇಡ. ನಿಂಫ್, ಟ್ರಿಸ್ಟ್, ಕ್ರಿಪ್ಟ್ ತರಹದ ಪದಗಳನ್ನು ನೆನಪಿಸಿಕೊಳ್ಳಿ, ಇವುಗಳಲ್ಲಿ ಸ್ವರದ ಕೆಲಸ ಮಾಡುವುದು ‘ವೈ’. ಒಂದೇ ಅಕ್ಷರ ಎರಡು ಸಲ ಬರುವುದನ್ನೂ ಮರೆಯಬೇಡಿ, ‘ವಿವಿಡ್’ ಇದೆಯಲ್ವಾ. ಸುಮ್ನೆ ಎಸ್ ಸೇರಿಸಿದ ಬಹುವಚನಗಳು ಉತ್ತರವಾಗಿ ಬರುವುದು ತೀರಾ ಕಡಿಮೆ.