ಜೆಲ್ ಎದ್ದಿತೆಂಬ ದೂರು ಬಂದಾಗ

ಮೈಸೂರಿನಲ್ಲಿ ಉಗುರಿನ ಅಲಂಕಾರದ ಪುಟ್ಟ ಮಳಿಗೆ ನಡೆಸುವ ನನಗೆ ಬರುವ ದೂರುಗಳಲ್ಲಿ ಬಹುಪಾಲು, ಜೆಲ್ ಪಾಲಿಶ್ (ಲ್ಯಾಂಪಿನ ಬೆಳಕಿಗಿಟ್ಟು ಗಟ್ಟಿ ಮಾಡುವ ಉಗುರುಬಣ್ಣ) ಬೇಗ ಎದ್ದುಬಂತು ಎಂಬುದೇ ಆಗಿರುತ್ತದೆ. ಹೀಗೆ ಬಂದವರನ್ನು ನಾನು ಬಾಗಿಲ ಬಳಿ, ಉಳಿದ ಗಿರಾಕಿಗಳ ಎದುರು ನಿಲ್ಲಿಸಿ ಮಾತನಾಡಿಸುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ, ಟವೆಲಿನ ಮೇಲೆ ಅವರ ಕೈ ಇರಿಸಿಕೊಂಡು, ಮೇಜಿನ ದೀಪದ ಬೆಳಕಿನಲ್ಲಿ ಹತ್ತೂ ಉಗುರುಗಳನ್ನು ಒಂದೊಂದಾಗಿ ನೋಡುತ್ತೇನೆ. ಕೈ ನಮ್ಮ ಕೈಯಲ್ಲಿರುವಾಗ ಯಾರೂ ಹೆಚ್ಚು ಹೊತ್ತು ಏರುದನಿಯಲ್ಲಿ ಮಾತನಾಡಲಾರರು. ಅಲ್ಲದೆ, ಕ್ಷಮೆ ಕೇಳಬೇಕೋ ವಿವರಿಸಬೇಕೋ ಎಂಬುದು ಉಗುರನ್ನು ನೋಡುವ ತನಕ ನನಗೂ ತಿಳಿದಿರುವುದಿಲ್ಲ.

ಜೆಲ್ ಬುಡದಿಂದ ಬಿಟ್ಟಿದ್ದರೆ ಅದು ಹೆಚ್ಚಾಗಿ ನಮ್ಮ ಕೆಲಸದ ಲೋಪ: ಉಗುರಿಗಂಟಿದ ತೆಳುಚರ್ಮವನ್ನು ಪೂರ್ತಿ ತೆಗೆದಿರುವುದಿಲ್ಲ, ಎಣ್ಣೆಯ ಪಸೆ ಉಳಿದಿರುತ್ತದೆ, ಇಲ್ಲವೇ ಮೊದಲು ಹಚ್ಚುವ ಪದರವಾದ ಬೇಸ್ ಕೋಟ್ ಪಕ್ಕದ ಚರ್ಮದ ಮೇಲೆ ಹರಿದು ಅಲ್ಲಿಂದ ಬಿಡತೊಡಗಿರುತ್ತದೆ. ಹೆಬ್ಬೆರಳುಗಳಲ್ಲಿ ಮಾತ್ರ ತೊಂದರೆಯಿದ್ದರೆ, ಅವು ಲ್ಯಾಂಪಿನೊಳಗೆ ಓರೆಯಾಗಿದ್ದು ಬೆಳಕು ಸರಿಯಾಗಿ ಬಿದ್ದಿಲ್ಲವೆಂದು ಅನುಮಾನಿಸುತ್ತೇನೆ. ಹೆಬ್ಬೆರಳುಗಳನ್ನು ಬೇರೆಯಾಗಿ ಲ್ಯಾಂಪಿಗೆ ಇಡಿಸುವುದು ಇದಕ್ಕಾಗಿಯೇ. ತುದಿಯಲ್ಲಿ ಚಕ್ಕೆ ಎದ್ದಿದ್ದರೆ ಮಾತ್ರ ಗೊಂದಲ, ಏಕೆಂದರೆ ನಾವು ಉಗುರಿನ ಅಂಚನ್ನು ಜೆಲ್ಲಿನಿಂದ ಮುಚ್ಚದಿದ್ದರೂ ಹಾಗಾಗುತ್ತದೆ, ಅವರು ಡಬ್ಬದ ಮುಚ್ಚಳವನ್ನು ಉಗುರಿನಿಂದ ಎಬ್ಬಿದ್ದರೂ ಹಾಗಾಗುತ್ತದೆ. ಜೆಲ್ಲಿನ ಜೊತೆಗೆ ಉಗುರಿನ ಮೇಲ್ಪದರವೂ ಕಿತ್ತುಬಂದು ಬಿಳಿ ಬಿಳಿ ಒರಟು ಕಾಣುತ್ತಿದ್ದರೆ ಅದನ್ನು ಕೈಯಿಂದಲೇ ಕಿತ್ತಿದ್ದಾರೆಂದು ಅರ್ಥ.

ಹಾಗೆಂದು “ನೀವೇ ಕಿತ್ತಿದ್ದೀರಿ” ಎಂದರೆ ಅವರು ಇನ್ನೆಂದೂ ನಮ್ಮ ಮೆಟ್ಟಿಲು ಹತ್ತುವುದಿಲ್ಲ. ನಾನು ಕೇಳುವುದು, “ಮೊದಲು ಯಾವ ಬೆರಳಲ್ಲಿ ಎದ್ದಿದ್ದು, ಮೇಡಂ?” ಎಂದು. ಈ ಪ್ರಶ್ನೆಯಲ್ಲಿ ಆರೋಪವಿಲ್ಲದ ಕಾರಣ ಅವರೇ ನಡೆದದ್ದನ್ನು ಹೇಳತೊಡಗುತ್ತಾರೆ; “ಇಲ್ಲೊಂದು ಮೂಲೆ ಎದ್ದಿತ್ತು, ಬಸ್ಸಲ್ಲಿ ಕೂತಿದ್ದಾಗ ಹಾಗೇ ಎಳೆದುಬಿಟ್ಟೆ” ಎಂದು ಒಬ್ಬರು ನಗುತ್ತಲೇ ಹೇಳಿದ್ದುಂಟು. ತಪ್ಪು ನಮ್ಮದೆಂದು ಕಂಡರೆ, “ಇದು ನಮ್ಮ ಕೆಲಸದಲ್ಲೇ ಆಗಿರೋದು, ಈಗಲೇ ಸರಿಮಾಡಿಕೊಡ್ತೀನಿ” ಎಂದಷ್ಟೇ ಹೇಳಿ ಉಗುರು ಉಜ್ಜುವ ಫೈಲ್ ಕೈಗೆತ್ತಿಕೊಳ್ಳುತ್ತೇನೆ. ಅದಕ್ಕಿಂತ ಉದ್ದದ ವಿವರಣೆ ನೆಪದಂತೆ ಕೇಳಿಸುತ್ತದೆ. ಒಂದು ವಾರದೊಳಗೆ ದುರಸ್ತಿ ಉಚಿತವೆಂದು ಬಿಲ್ಲಿನಲ್ಲೇ ಅಚ್ಚಾಗಿರುವುದರಿಂದ ಹಣದ ಮಾತು ಅಷ್ಟಾಗಿ ಬರುವುದೇ ಇಲ್ಲ.

ಮದುವೆ ಮನೆಯ ದೂರುಗಳ ಬಿಸಿ ಬೇರೆ. ಒಮ್ಮೆ ಒಬ್ಬ ಮದುವೆ ಹೆಣ್ಣಿಗೆ ಬಿಳಿ ಅಂಚಿನ ಫ್ರೆಂಚ್ ಉಗುರು ಮಾಡಿ ಕಳುಹಿಸಿದ್ದೆ. ಅರಿಶಿನ ಶಾಸ್ತ್ರ ಮುಗಿದ ಸಂಜೆ ಅವಳ ತಾಯಿ ಮಗಳ ಕೈ ಹಿಡಿದುಕೊಂಡೇ ಒಳಗೆ ಬಂದರು. ಬಿಳಿಯೆಲ್ಲ ಹಳದಿಗೆ ತಿರುಗಿತ್ತು. ಅರಿಶಿನ ತಾಕದಂತೆ ನೋಡಿಕೊಳ್ಳಿ ಎಂದು ನಾನು ಹೇಳಿದ್ದು ನಿಜವಾದರೂ, ಬೆಳಿಗ್ಗೆ ಮುಹೂರ್ತವಿಟ್ಟುಕೊಂಡವರಿಗೆ ಅದನ್ನು ನೆನಪಿಸುವುದರಿಂದ ಯಾರಿಗೂ ಲಾಭವಿರಲಿಲ್ಲ. “ಅಮ್ಮ, ಕೂತ್ಕೊಳ್ಳಿ, ಇದು ಹೋಗುತ್ತೆ” ಎಂದೆ. ಅರಿಶಿನದ ಬಣ್ಣ ಸಾಮಾನ್ಯವಾಗಿ ಕೊನೆಯ ಪದರವಾದ ಟಾಪ್ ಕೋಟಿನಲ್ಲೇ ನಿಂತಿರುತ್ತದೆ. ಅದನ್ನು ತೆಳುವಾಗಿ ಫೈಲ್ ಮಾಡಿ, ಧೂಳು ಒರೆಸಿ, ಹೊಸ ಟಾಪ್ ಕೋಟ್ ಹಾಕಿ ಲ್ಯಾಂಪಿಗಿಟ್ಟರೆ ಬಿಳಿ ಮರಳುತ್ತದೆ. ಹಣ ತೆಗೆದುಕೊಳ್ಳಲಿಲ್ಲ. ಈಗ ಮದುವೆಯ ಬುಕಿಂಗ್ ಬರೆದುಕೊಳ್ಳುವಾಗಲೇ ಅರಿಶಿನ ಶಾಸ್ತ್ರ ಯಾವ ದಿನ, ಮೆಹಂದಿ ಯಾವ ದಿನ ಎಂಬುದನ್ನೂ ಕೇಳಿ, ಎರಡೂ ಮುಗಿದ ಮೇಲಿನ ಸಮಯವನ್ನೇ ಕೊಡುತ್ತೇನೆ.

ಉಗುರಿನ ಸುತ್ತ ಕೆಂಪಾಗಿದೆ, ತುರಿಸುತ್ತಿದೆ ಎಂದು ಬಂದವರ ವಿಷಯದಲ್ಲಿ ಮಾತ್ರ ನನ್ನ ಮೃದುತನ ಮಾತಿಗಷ್ಟೇ ಸೀಮಿತ. ಅದು ಜೆಲ್ಲಿನಲ್ಲಿರುವ ಅಕ್ರಿಲೇಟ್ ಬಗೆಯ ರಾಸಾಯನಿಕಗಳ ಅಲರ್ಜಿಯಾಗಿರಬಹುದು, ಆ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ, ಮತ್ತು ಅದೇ ಬಗೆಯ ವಸ್ತುಗಳನ್ನು ಹಲ್ಲಿನ ಚಿಕಿತ್ಸೆಯಲ್ಲೂ ಬಳಸುತ್ತಾರೆ. ಆದ್ದರಿಂದ “ಬೇರೆ ಬ್ರ್ಯಾಂಡ್ ಹಾಕಿ ನೋಡೋಣ” ಎಂದು ಅವರೇ ಒತ್ತಾಯಿಸಿದರೂ ಒಪ್ಪುವುದಿಲ್ಲ, ಮುಲಾಮಿನ ಹೆಸರನ್ನೂ ಹೇಳುವುದಿಲ್ಲ. ಚರ್ಮಕ್ಕೆ ತಾಕದಂತೆ ಜೆಲ್ ತೆಗೆದು, ಪಡೆದ ಹಣ ಹಿಂದಿರುಗಿಸಿ, ಬಳಸಿದ ಪ್ರತಿಯೊಂದು ಬಾಟಲಿಯ ಹೆಸರು ಮತ್ತು ಘಟಕಗಳ ಪಟ್ಟಿಯ ಫೋಟೋ ತೆಗೆದು ಅವರ ವಾಟ್ಸ್‌ಆ್ಯಪ್‌ಗೆ ಕಳುಹಿಸುತ್ತೇನೆ. ಚರ್ಮವೈದ್ಯರ ಬಳಿ ಹೋದಾಗ ಅದು ಬೇಕಾಗುತ್ತದೆ.